ಕಿಡ್ನಿ ಕಸಿ ಆಗಿ ಒಂಬತ್ತು ತಿಂಗಳು, ಮತ್ತೆ ಬ್ಯಾಡ್ಮಿಂಟನ್ ಆಡಬಹುದಾ?

ಕೇಳಿದವರು: ಡಯಾಲಿಸಿಸ್ ಶುರುವಾಗೋ ಮುಂಚೆ ದಿನಾ ಆಡುತ್ತಿದ್ದೆ. ಈಗ ಕಸಿ ಆಗಿ ಒಂಬತ್ತು ತಿಂಗಳು. ಡಾಕ್ಟರು "ವ್ಯಾಯಾಮ ಮಾಡಿ" ಅನ್ನುತ್ತಾರೆ, ಮನೆಯವರಿಗೆ ರಾಕೆಟ್ ಕಂಡರೇ ಗಾಬರಿ. ಆಡುತ್ತಿರುವವರು ನಿಮ್ಮ ಅನುಭವ ಹೇಳಿ. ಅಂಗದಾನದ ಬಗ್ಗೆ ನಾಲ್ಕು ಜನಕ್ಕೆ ತಿಳಿಸಬೇಕು ಅಂತಲೂ ಆಸೆ ಇದೆ, ಆದರೆ ಭಾಷಣ ನನ್ನ ಕೈಲಾಗಲ್ಲ.

ಮೊದಲ ಉತ್ತರ: ನನ್ನದೂ ಕಿಡ್ನಿಯೇ, ಹನ್ನೊಂದು ವರ್ಷವಾಯಿತು. ಮೊದಲು ಒಂದು ಮಾತು. ಡಾಕ್ಟರ ಹತ್ತಿರ "ವ್ಯಾಯಾಮ ಮಾಡಬಹುದಾ" ಅಂತ ಕೇಳಬೇಡಿ. "ಬ್ಯಾಡ್ಮಿಂಟನ್ ಆಡಬಹುದಾ, ವಾರಕ್ಕೆ ಎಷ್ಟು ದಿನ" ಅಂತ ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಹೊಸ ಕಿಡ್ನಿ ಇರೋದು ಹೊಟ್ಟೆಯ ಕೆಳಭಾಗದಲ್ಲಿ, ಮುಂದುಗಡೆ. ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ. ಅದಕ್ಕೇ ಬಾಕ್ಸಿಂಗ್, ಕುಸ್ತಿ, ರಗ್ಬಿ ನಮಗಲ್ಲ. ಬ್ಯಾಡ್ಮಿಂಟನ್ ಪರವಾಗಿಲ್ಲ, ಆದರೆ ಡಬಲ್ಸ್‌ನಲ್ಲಿ ಎದುರಾಳಿಗಿಂತ ಜೊತೆಗಾರನ ರಾಕೆಟ್ಟೇ ಜಾಸ್ತಿ ಅಪಾಯ! ನಾನು ಕೆಲವು ತಿಂಗಳು ಬರೀ ನಡೆದೆ, ಆಮೇಲೆ ಗೋಡೆಗೆ ಹೊಡೆದುಕೊಂಡು ಆಡಿದೆ, ಆಮೇಲೇ ಕೋರ್ಟಿಗಿಳಿದೆ. ಸ್ಟೆರಾಯ್ಡ್ ಮಾತ್ರೆಯಿಂದ ತೊಡೆಯ ಸ್ನಾಯು ಸೊರಗಿತ್ತು. ಕುರ್ಚಿಯಿಂದ ಕೈ ಊರದೆ ಏಳೋದನ್ನೇ ಮತ್ತೆ ಕಲಿಯಬೇಕಾಯಿತು.

ಎರಡು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಒಮ್ಮೆ ರಕ್ತ ಪರೀಕ್ಷೆಯ ಹಿಂದಿನ ಸಂಜೆ ಎರಡು ಗಂಟೆ ಜೋರಾಗಿ ಆಡಿದೆ, ನೀರು ಸರಿಯಾಗಿ ಕುಡಿಯಲಿಲ್ಲ. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕೋ ಕಸ) ಏರಿ ಕೂತಿತ್ತು. ಕಿಡ್ನಿ ಹೋಯಿತು ಅಂತಲೇ ಅಂದುಕೊಂಡೆ, ಎರಡು ರಾತ್ರಿ ನಿದ್ದೆ ಇಲ್ಲ. ಮತ್ತೆ ಪರೀಕ್ಷೆ ಮಾಡಿದಾಗ ಮಾಮೂಲಿಗೆ ಬಂದಿತ್ತು. ಇನ್ನೊಮ್ಮೆ ಕಾಲು ಉಳುಕಿದಾಗ ಸುಮ್ನೆ ಐಬುಪ್ರೊಫೆನ್ ನುಂಗಿದೆ. ಅಂಥ ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ, ಟ್ಯಾಕ್ರೊಲಿಮಸ್ (ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯೋ ಮಾತ್ರೆ) ತಗೊಳ್ಳುವವರಿಗಂತೂ ಬೇಡವೇ ಬೇಡ. ಚೆನ್ನಾಗಿ ಬೈಸಿಕೊಂಡೆ.

ಪಂದ್ಯ ತಡವಾದರೂ ಮಾತ್ರೆ ತಡವಾಗಬಾರದು. ಒಂದು ಹೊತ್ತಿನದು ಕಿಟ್ ಬ್ಯಾಗಿನಲ್ಲೇ ಇರಲಿ. ಬಯಲಲ್ಲಿ ಓಡುವುದಾದರೆ ಟೋಪಿ, ಸನ್‌ಸ್ಕ್ರೀನ್ ಬಿಡಬೇಡಿ. ನಮ್ಮ ಔಷಧಿಗಳಿಂದ ಚರ್ಮದ ಕ್ಯಾನ್ಸರ್ ಭಯ ಜಾಸ್ತಿ.

ಅಂದಹಾಗೆ, ಎದುರಾಳಿಗೆ ನಾನು ಕಸಿ ವಿಷಯ ಹೇಳಲ್ಲ. ಹೇಳಿದರೆ ಕನಿಕರಪಟ್ಟು ಸುಲಭದ ಶಾಟ್ ಕೊಡುತ್ತಾರೆ. ರೇಜಿಗೆ.

ಎರಡನೇ ಉತ್ತರ: ನನ್ನದು ಹೃದಯ. ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿ ಹೋಗುತ್ತವೆ. ಹಾಗಾಗಿ ಓಡೋಕೆ ಶುರು ಮಾಡಿದರೂ ಬಡಿತ ತಕ್ಷಣ ಏರಲ್ಲ, ನಿಂತರೂ ಬೇಗ ಇಳಿಯಲ್ಲ. ಕೈಗಡಿಯಾರ ತೋರಿಸೋ ಬಡಿತ ನಂಬಿ ಕೆಟ್ಟೆ. ಈಗ ಉಸಿರೇ ಲೆಕ್ಕ: ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆದರೆ ಸರಿ. ಮೈ ಬಿಸಿ ಮಾಡೋಕೆ ಹದಿನೈದು ನಿಮಿಷ ಬೇಕೇ ಬೇಕು. ಕಿಡ್ನಿಯವರಿಗೆ ಈ ತಾಪತ್ರಯ ಇಲ್ಲ, ಪುಣ್ಯವಂತರು.

ಮೂರನೇ ಉತ್ತರ: ನಾನು ಕಿಡ್ನಿ ಕೊಟ್ಟವಳು, ತಮ್ಮನಿಗೆ. ಮೊದಲ ಉತ್ತರ ಬರೆದವರ ಜೊತೆ ಒಂದು ವಿಷಯಕ್ಕೆ ಜಗಳ ಇದೆ. ಎದುರಾಳಿಗೆ ಕಸಿ ವಿಷಯ ಹೇಳಬೇಕು ಸರ್! ಆದರೆ ಆಟ ಮುಗಿದ ಮೇಲೆ, ಗೆದ್ದ ಮೇಲೆ ಹೇಳಿ. ಸೋತವನು ಗಮನವಿಟ್ಟು ಕೇಳುತ್ತಾನೆ. ನನ್ನನ್ನು ಎಲ್ಲರೂ ಕೇಳೋದು ಒಂದೇ, "ಒಂದೇ ಕಿಡ್ನಿಯಲ್ಲಿ ಓಡುತ್ತೀರಾ?" ಉಳಿದ ಕಿಡ್ನಿ ಸ್ವಲ್ಪ ದೊಡ್ಡದಾಗಿ ಕೆಲಸ ಜಾಸ್ತಿ ಮಾಡುತ್ತದೆ ಅಂತ ಹೇಳುತ್ತೇನೆ. ಆ ಮಾತಿನಿಂದಲೇ ಮುಂದಿನ ಮಾತು ಹುಟ್ಟುತ್ತದೆ. ತೀರಿಹೋದ ಒಬ್ಬರ ಅಂಗಗಳಿಂದ ಎಂಟು ಜನರವರೆಗೂ ಬದುಕಬಹುದು. ಆದರೆ ಅಂಗದಾನದ ಕಾರ್ಡಿಗೆ ಸಹಿ ಹಾಕಿದರೆ ಮುಗಿಯಲಿಲ್ಲ. ಎಷ್ಟೋ ದೇಶಗಳಲ್ಲಿ ಕೊನೆಗೆ ಕೇಳೋದು ಮನೆಯವರನ್ನೇ. ಅವರಿಗೆ ಗೊತ್ತೇ ಇಲ್ಲದಿದ್ದರೆ ಆ ದುಃಖದಲ್ಲಿ ಹೂಂ ಅನ್ನೋದು ಕಷ್ಟ, ಅಲ್ವಾ?

ವಿಶ್ವ ಟ್ರಾನ್ಸ್‌ಪ್ಲಾಂಟ್ ಕ್ರೀಡಾಕೂಟದ ಬಗ್ಗೆಯೂ ಓದಿ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಯಿತು, ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬ್ಯಾಡ್ಮಿಂಟನ್ ಇದೆ. ಸಾಮಾನ್ಯವಾಗಿ ಕಸಿ ಆಗಿ ವರ್ಷ ತುಂಬಿರಬೇಕು, ಡಾಕ್ಟರ ಒಪ್ಪಿಗೆ ಬೇಕು. ಅಂಗ ಕೊಟ್ಟ ನಮಗೂ ಅಲ್ಲಿ ಆಡೋಕೆ ಅವಕಾಶವಿದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ರಕ್ತ ಪರೀಕ್ಷೆ ಇದೆ, ಅವತ್ತೇ ಡಾಕ್ಟರ ಹತ್ತಿರ ಬ್ಯಾಡ್ಮಿಂಟನ್ ಅಂತ ಹೆಸರು ಹೇಳಿಯೇ ಕೇಳುತ್ತೇನೆ. ಅಲ್ಲಿವರೆಗೆ ರಾಕೆಟ್ ಮುಟ್ಟಲ್ಲ.