ಜಿಗ್ ಹುಕ್ ಬಾಯಿ ಬಿಚ್ಚಿಕೊಳ್ಳುತ್ತಿದೆ. ದಪ್ಪ ಹುಕ್ ಇಟ್ಟರೆ ಅಚ್ಚು ಮುಚ್ಚುವುದಿಲ್ಲ

ಗುಂಡುತಲೆ:
ಅಲ್ಯೂಮಿನಿಯಂ ಅಚ್ಚಿನಲ್ಲಿ ಸೀಸ ಹುಯ್ದು 10 ಗ್ರಾಂ ದುಂಡು ತಲೆಯ ಜಿಗ್ (ಹುಕ್‌ಗೆ ಸೀಸದ ತಲೆ ಕೂರಿಸಿದ ಮೀನಿನ ಗಾಳ) ಮಾಡುತ್ತಿದ್ದೇನೆ. ಹುಕ್ ಸೈಜ್ 1/0, ತೆಳು ತಂತಿ, ಲೈನ್ ಕಟ್ಟುವ ಕಣ್ಣು 90 ಡಿಗ್ರಿ ಬಾಗಿದ್ದು. ಲೈನ್ 20 ಪೌಂಡ್ ಬ್ರೇಡ್ (ಹೆಣೆದ ದಾರ). ಸ್ವಲ್ಪ ದೊಡ್ಡ ಮೀನು ಎಳೆದರೂ ಹುಕ್ ಬಾಯಿ ತೆರೆದುಕೊಳ್ಳುತ್ತದೆ. ಅದೇ 1/0ರಲ್ಲಿ ದಪ್ಪದ್ದು ಇಟ್ಟರೆ ಅಚ್ಚು ಪೂರ್ತಿ ಕೂರುವುದಿಲ್ಲ, ತಲೆಯ ಸುತ್ತ ಸೀಸದ ರೆಕ್ಕೆ ಬರುತ್ತದೆ. ಬಣ್ಣಕ್ಕೆ ಟಾರ್ಚ್‌ನಲ್ಲಿ ಕಾಯಿಸಿ ಪೌಡರ್ ಪೇಂಟ್‌ನಲ್ಲಿ ಅದ್ದುತ್ತೇನೆ. ಅಚ್ಚನ್ನು ಅರದಿಂದ ಉಜ್ಜಿ ದಪ್ಪ ಹುಕ್‌ಗೆ ಜಾಗ ಮಾಡಬಹುದೇ?

ಸೀಸಕಡ್ಡಿ:
ಅರ ಸದ್ಯಕ್ಕೆ ಪಕ್ಕಕ್ಕಿಡಿ. ಪ್ಯಾಕೆಟ್‌ನಿಂದ ಹೊಸ ಹುಕ್ ಒಂದು, ಬಣ್ಣ ಹಚ್ಚಿದ ಜಿಗ್ ಒಂದು ತೆಗೆದುಕೊಳ್ಳಿ. ಹುಕ್‌ನ ಕಡ್ಡಿಯನ್ನು (ನೇರ ಭಾಗ) ವೈಸ್‌ಗೆ ಕಚ್ಚಿಸಿ, ಬಾಗಿಗೆ ಗಟ್ಟಿ ದಾರ ಸಿಕ್ಕಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಹುಕ್ ಸಿಡಿಯಬಹುದು. ಎರಡೂ ಒಂದೇ ಭಾರಕ್ಕೆ ತೆರೆದುಕೊಂಡರೆ ತಂತಿ ತೆಳುವಾಯಿತು ಅಂತ ಅರ್ಥ. ಜಿಗ್ಗಿನದು ಮಾತ್ರ ಬೇಗ ತೆರೆದರೆ ಟಾರ್ಚ್ ಅದರ ಹದ (ಉಕ್ಕಿನ ಗಡಸುತನ) ಕೆಡಿಸಿದೆ. ತೆರೆಯದೆ ತುಂಡಾದರೆ ವಿಷಯವೇ ಬೇರೆ: ಕಣ್ಣನ್ನೋ ಕಡ್ಡಿಯನ್ನೋ ಇಕ್ಕಳದಿಂದ ಬಗ್ಗಿಸಿ ಅಚ್ಚಿಗೆ ಕೂರಿಸಿದಾಗ ಹಾಗಾಗುತ್ತದೆ.

ಅಚ್ಚುಗಾರ:
ಅಚ್ಚಿನ ಮಾತು. 1/0 ಅನ್ನುವುದನ್ನು ಅಳತೆ ಅಂತ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬಾಯಿಯ ಅಗಲ, ಕಡ್ಡಿಯ ಉದ್ದ, ತಂತಿಯ ದಪ್ಪ ಎಲ್ಲವೂ ಬದಲಾಗುತ್ತದೆ. ಪ್ಯಾಕೆಟ್ ಮೇಲೆ 2X ಸ್ಟ್ರಾಂಗ್ ಅಂತಿದ್ದರೆ ಎರಡು ಸೈಜ್ ದೊಡ್ಡ ಹುಕ್‌ನ ತಂತಿಯನ್ನು ಈ ಸೈಜಿಗೆ ಬಳಸಿದ್ದಾರೆ ಅಂತ. ಅಚ್ಚಿನ ಗಾಡಿ (ಹುಕ್ ಕೂರುವ ತೋಡು) ಅಷ್ಟು ದಪ್ಪಕ್ಕೆ ಕೊರೆದಿರುವುದಿಲ್ಲ. ಅಚ್ಚಿನ ಜೊತೆ ಯಾವ ಮಾಡೆಲ್ ಹುಕ್ ಅಂತ ಪಟ್ಟಿ ಕೊಟ್ಟಿರುತ್ತಾರೆ, ಅದರಲ್ಲೇ ಆರಿಸಿ. ಪಟ್ಟಿ ಇಲ್ಲದಿದ್ದರೆ ಸರಿಯಾಗಿ ಕೂರುವ ಹುಕ್‌ನ ತಂತಿಯನ್ನು ವರ್ನಿಯರ್‌ನಲ್ಲಿ ಅಳೆದು, ಅದೇ ದಪ್ಪದ್ದು ಹುಡುಕಿ. ತಣ್ಣಗಿನ ಅಚ್ಚಿನಲ್ಲಿ ಹುಕ್ ಇಟ್ಟು ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ರೆಕ್ಕೆ ಖಂಡಿತ. ಖಾಲಿ ಅಚ್ಚಿನಲ್ಲೂ ಗೆರೆ ಕಂಡರೆ ಹುಕ್‌ನ ತಪ್ಪಲ್ಲ, ಹಳೆ ಸೀಸದ ಚೂರು ಸಿಕ್ಕಿಕೊಂಡಿದೆ. ಗಾಡಿ ಉಜ್ಜಿದರೆ ಮೊದಲಿನ ತೆಳು ಹುಕ್ ಇಟ್ಟಾಗ ಕಡ್ಡಿಯ ಗುಂಟ ಸೀಸ ಸೋರುತ್ತದೆ. ಒಂದೇ ಹುಕ್‌ಗೆ ಆ ಅಚ್ಚನ್ನು ಮೀಸಲಿಡುವುದಾದರೆ ಮಾತ್ರ ಉಜ್ಜಿ.

ಇನ್ನೊಂದು. 10 ಗ್ರಾಂ ಸೀಸದ ಗುಂಡು ಸುಮಾರು 12 ಮಿ.ಮೀ. ವ್ಯಾಸ ಬರುತ್ತದೆ. ಕಡ್ಡಿ ನಡುವೆ ಹಾದರೆ ಮೊನೆಯ ಕಡೆಗೆ 6 ಮಿ.ಮೀ. ತಲೆಯೇ ಚಾಚಿರುತ್ತದೆ. ಹುಕ್‌ನ ಬಾಯಿ ಅದಕ್ಕಿಂತ ಸಾಕಷ್ಟು ಅಗಲ ಇರಬೇಕು, ಮೇಲೆ ರಬ್ಬರ್ ಮೀನಿನ ದಪ್ಪವೂ ಸೇರುತ್ತದೆ. ಇಕ್ಕಟ್ಟಾದರೆ ಮೊನೆಯ ತುದಿ ಮಾತ್ರ ಚುಚ್ಚಿ, ಎಳೆತವೆಲ್ಲ ಅಲ್ಲೇ ಬಿದ್ದು ಗಟ್ಟಿ ಹುಕ್ಕೂ ಬಿಚ್ಚಿಕೊಳ್ಳುತ್ತದೆ.

ಗುಂಡುತಲೆ:
ಎಳೆದು ನೋಡಿದೆ. ಹೊಸ ಹುಕ್ ತಡೆಯಿತು, ಜಿಗ್ಗಿನದು ಅದರ ಅರ್ಧ ಭಾರಕ್ಕೇ ತೆರೆಯಿತು. ಬಾಗಿನ ಹತ್ತಿರ ತಂತಿ ನೀಲಿಯಾಗಿದೆ. ತಲೆ ಮೇಲೆ ಮಾಡಿ, ಬಾಗನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನಿಂದ ಕಾಯಿಸುತ್ತಿದ್ದೆ.

ಸೀಸಕಡ್ಡಿ:
ಹಾಗಿದ್ದರೆ ಉರಿ ಮೊದಲು ತಾಗಿದ್ದು ಬಾಗಿಗೇ. ಟಾರ್ಚ್ ಬಿಟ್ಟು ಹೀಟ್ ಗನ್ ಹಿಡಿಯಿರಿ, ಬಿಸಿಗಾಳಿ ಪಕ್ಕದಿಂದ ತಲೆಗೆ ಮಾತ್ರ ಬೀಳಲಿ. ಪುಡಿ ಅಂಟಿ ಹೊಳಪು ಬಂದರೆ ಸಾಕು, ಸೀಸ 327 ಡಿಗ್ರಿಗೆ ಕರಗುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ಓವನ್‌ನಲ್ಲಿ ತೂಗುಹಾಕಿ ಸುಮಾರು 175 ಡಿಗ್ರಿಯಲ್ಲಿ 15–20 ನಿಮಿಷ. ಡಬ್ಬಿಯ ಮೇಲೆ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಅಡುಗೆಯ ಓವನ್ ಬೇಡ.

ಹೊಸ ಹುಕ್ ಯಾವ ಭಾರಕ್ಕೆ ತೆರೆಯಲು ಶುರುವಾಯಿತೋ, ರೀಲ್‌ನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಡುವ ಬಿಗಿ) ಅದಕ್ಕಿಂತ ಚೆನ್ನಾಗಿ ಕೆಳಗಿರಲಿ. ಬ್ರೇಡ್ ಹಿಗ್ಗುವುದಿಲ್ಲ, ಝಟಕಾ ನೇರ ಹುಕ್‌ಗೇ ಹೋಗುತ್ತದೆ.

ಗುಂಡುತಲೆ:
ಈಗಾಗಲೇ ಮಾಡಿಟ್ಟವುಗಳನ್ನು ಮತ್ತೆ ಹದ ಮಾಡಬಹುದೇ?

ಅಚ್ಚುಗಾರ:
ಮನೆಯಲ್ಲಿ ಆಗದು. ನೀಲಿಯಾದವನ್ನು ತೆಗೆದು ಸೀಸ ಮಾತ್ರ ಉಳಿಸಿಕೊಳ್ಳಿ. ಬಣ್ಣ ಉರಿದು ಕೆಟ್ಟ ಹೊಗೆ ಬರುತ್ತದೆ, ಬಯಲಲ್ಲೇ ಕರಗಿಸಿ. ಜಿಗ್‌ಗಳು ಪೂರ್ತಿ ಒಣಗಿರಲಿ. ಒಂದು ಹನಿ ನೀರು ಒಳಗೆ ಸಿಕ್ಕಿದರೂ ಕರಗಿದ ಸೀಸ ಮುಖಕ್ಕೆ ಸಿಡಿಯುತ್ತದೆ. ತೇಲಿ ಬಂದ ಹುಕ್‌ಗಳನ್ನು ಮತ್ತೆ ಅಚ್ಚಿಗೆ ಇಡಬೇಡಿ.