ಬೆಂಗಳೂರು ಏರ್‌ಪೋರ್ಟಿಗೆ ರಾತ್ರಿ 10:40ಕ್ಕ ಇಳದ್ರ ಗದಗಕ್ಕ ಬಸ್ ಹೆಂಗ ಹಿಡೀಬೇಕ್ರಿ?

ಗದಗಿನ ಹುಡುಗ:
ನಮಸ್ಕಾರ್ರೀ ಎಲ್ಲಾರಿಗೂ. ಅಕ್ಕನ ಬಾಣಂತನ ಮುಗೀತು, ಅವ್ವನ್ನ ದುಬೈಯಿಂದ ಕರಕೊಂಡು ಬರಾಕತ್ತೀನಿ, 14ನೇ ತಾರೀಖ ರಾತ್ರಿ 10:40ಕ್ಕ ಬೆಂಗಳೂರು ಟರ್ಮಿನಲ್ 2ನಾಗ ಇಳೀತೇವಿ. ಮುಂಜಾನೆ ಹುಬ್ಬಳ್ಳಿ ಫ್ಲೈಟ್ ಹಿಡೀಬೇಕಂದ್ರ ರಾತ್ರಿಪೂರ್ತಿ ಅಲ್ಲೇ ಕುಂದರಬೇಕು, ಮ್ಯಾಲ ಡೊಮೆಸ್ಟಿಕ್‌ನಾಗ ಒಬ್ಬರಿಗೆ 15 ಕೆಜಿ ಅಂತಾರ, ನಮ್ಮವು 30ರ ಎರಡು ಬ್ಯಾಗ್ ಅದಾವ, ಅದ್ರಾಗ ಅರ್ಧ ಬರೇ ಖರ್ಜೂರ. ಬೆಂಗಳೂರಿನ ತುಮಕೂರು ರೋಡಿನ್ಯಾಗಿನ ಗೊರಗುಂಟೆಪಾಳ್ಯದಿಂದ ರಾತ್ರಿ 12 ಗಂಟೆಕ್ಕ ಒಂದು ಪ್ರೈವೇಟ್ ಸ್ಲೀಪರ್ ತೋರ್ಸಾಕತ್ತೈತಿ, ಬುಕ್ ಮಾಡ್ಲೇನು? ಇಲ್ಲಾ ಮೆಜೆಸ್ಟಿಕ್ಕಿಗೆ ಹೋಗೂದ ಚಲೋನೋ?

ವಿದ್ಯಾನಗರ ಹುಬ್ಬಳ್ಳಿ:
12ರ ಬಸ್ ಬುಕ್ ಮಾಡಬ್ಯಾಡೋ ತಮ್ಮಾ. 10:40 ಅಂದ್ರ ವಿಮಾನದ ಗಾಲಿ ನೆಲಕ್ಕ ಹತ್ತೂ ಹೊತ್ತು, ನೀ ಹೊರಗ ಬರೂ ಹೊತ್ತಲ್ಲ. ಇಮಿಗ್ರೇಶನ್ ಲೈನು, ಆಮ್ಯಾಲ ಬೆಲ್ಟು, ಹೋದ ಸಲ ನಮ್ಮ ಬ್ಯಾಗ್ ಬರೂದ್ರಾಗ 50 ನಿಮಿಷ ಹಿಡೀತು, ಎಲ್ಲಾರ ಕರೇ ಬ್ಯಾಗೂ ಒಂದೇ ನಮೂನಿ ಇರ್ತಾವ, ಅವ್ವಗ ಹೇಳಿ ಹಿಡಿಕಿಗೆ ಒಂದು ಕೆಂಪು ರಿಬ್ಬನ್ ಕಟ್ಟಸು. ಹೊರಗ ಬರೂದ್ರಾಗ 12 ಆಗೇ ಆಗ್ತೈತಿ. ಹೊರಗ ವಾಯು ವಜ್ರ, ಅಂದ್ರ ಬಿಎಂಟಿಸಿಯ ಏರ್‌ಪೋರ್ಟ್ ಎಸಿ ಬಸ್ಸು, ನಿಂತಿರ್ತಾವ, ಕೆಐಎ 9 ನಂಬರ್ ನೋಡಿ ಹತ್ತು, ಹೆಬ್ಬಾಳದ ಮ್ಯಾಲ ಹಾಯ್ದು ಸೀದಾ ಮೆಜೆಸ್ಟಿಕ್. ಟಿಕೆಟ್ 300ರ ಆಸುಪಾಸು, ಬ್ಯಾಗ್ ಇಡಾಕ ಒಳಗ ರ‍್ಯಾಕ್ ಐತಿ. ಅವ್ವ ಆಧಾರ್ ಕಾರ್ಡ್ ತಗದ್ರ ಕಂಡಕ್ಟರ್ ನಗ್ತಾನ, ಹೆಣ್ಮಕ್ಕಳಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ವಾಯು ವಜ್ರಕ್ಕ ಇಲ್ಲ, ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೂ ಇಲ್ಲ. ಮೆಜೆಸ್ಟಿಕ್‌ನಾಗ ಕೆಂಪು ಬಸ್ ಹತ್ತಿದ್ರ ಫ್ರೀ ಖರೆ, ಆದ್ರ 400 ಕಿಮೀ ಕುಂತು ಬರಬೇಕು, ವಯಸ್ಸಾದವರಿಗೆ ಬ್ಯಾಡ.

ಹಾವೇರಿ ಯಾಲಕ್ಕಿ ಹಾರ:
ತಾರೀಖ ನೋಡ್ಕೊಂಡ್ರೇನ್ರಿ? ನಾನು ಅದ್ರಾಗ ಸಿಕ್ಕೊಂಡೀನಿ. ಸರ್ಕಾರಿ ಬಸ್ 12:30ಕ್ಕ ಬಿಡ್ತೈತಿ ಅಂದ್ರ ಅದು 15ನೇ ತಾರೀಖಿನ ಬಸ್ಸು, ನೀವು 14 ಅಂತ ಹಾಕಿ ತಗೊಂಡ್ರ ಆ ಬಸ್ ಹಿಂದಿನ ರಾತ್ರೀನ ಹೋಗಿರ್ತೈತಿ. ಪ್ರೈವೇಟ್‌ನಾಗ ಉಲ್ಟಾ, ಊರಿನ ಆ ತುದಿಯಿಂದ 14ಕ್ಕ 11 ಗಂಟೆಕ್ಕ ಹೊಂಟ ಬಸ್ಸು ಗೊರಗುಂಟೆಪಾಳ್ಯಕ್ಕ 12:15ಕ್ಕ ಬಂದ್ರೂ ಟಿಕೆಟ್ ಮ್ಯಾಲ 14 ಅಂತನ ಇರ್ತೈತಿ. ಇನ್ನ ಆ ಫ್ಲೈಓವರ್ ಕೆಳಗ ಬ್ಯಾಗ್ ಹಿಡಕೊಂಡು ನಿಂದ್ರೂದು, ಡ್ರೈವರ್ ಫೋನ್ ಮಾಡಿ "ಎಲ್ಲಿದೀರಿ, ಮುಂದ ಬರ್ರಿ, ಇನ್ನೂ ಮುಂದ ಬರ್ರಿ" ಅಂತಾನ, ಹತ್ತಿಪ್ಪತ್ತು ಬಸ್ ಒಂದ್ರ ಹಿಂದ ಒಂದು, ಯಾವ್ದ ನಮ್ದು ಗೊತ್ತಾಗಂಗಿಲ್ಲ. ನನ್ನಂತೂ ಹಾವೇರಿ ಅಂತ ಟಿಕೆಟ್ ಕೊಟ್ಟು ಬೈಪಾಸ್‌ನಾಗ 4 ಗಂಟೆಕ್ಕ ಇಳಿಸಿ ಹೋದ, ನಾನು ಮತ್ತ ನಾಲ್ಕು ನಾಯಿ.

ಧಾರವಾಡ ಫೇಡಾ:
ಗೊರಗುಂಟೆಪಾಳ್ಯ ಅಷ್ಟೇನ್ ಕೆಟ್ಟಲ್ರಿ, ಒಬ್ಬರ ಇದ್ರ ನಾ ಅಲ್ಲೇ ಹತ್ತೂದು, ಹೆಬ್ಬಾಳದಾಗ ಇಳದು ಆಟೋ ಹಿಡದ್ರ ಊರೊಳಗ ಹೋಗೂದ ತಪ್ಪತೈತಿ. ಆದ್ರ ಅವ್ವಾರ ಜೊತಿ ಅಂದ್ರ ಮೆಜೆಸ್ಟಿಕ್, ಕುಂದರಾಕ ಜಾಗಾ, ಬಾತ್‌ರೂಮು, ಚಾ ಎಲ್ಲಾ ಐತಿ. ಒಂದು ಮಾತ್ರ, ಬಿಎಂಟಿಸಿ ಸ್ಟ್ಯಾಂಡ್ ಬ್ಯಾರೆ, ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್ ಬ್ಯಾರೆ, ನಡುವ ರೋಡ್ ದಾಟಬೇಕು, 60 ಕೆಜಿ ಎಳಕೊಂಡು ಹೋಗಾಕ ಒಬ್ಬ ಕೂಲಿಯವನ್ನ ಹಿಡೀರಿ, ಸೊಂಟ ಉಳೀತೈತಿ. ಬಸ್ ಸಿಗಲೇ ಇಲ್ಲಂದ್ರ ಎದುರಿಗೇ ರೈಲ್ವೆ ಸ್ಟೇಷನ್, ಬೆಳಗಾಗೂದ್ರಾಗ ವಂದೇ ಭಾರತ್ ಬಿಡ್ತೈತಿ, ಮಧ್ಯಾಹ್ನದೊಳಗ ಹುಬ್ಬಳ್ಳಿ. ಅಲ್ಲಿಂದ ಗದಗ 60 ಕಿಮೀ ಸೈತ ಇಲ್ಲ.

ಗದಗಿನ ಹುಡುಗ:
ಭಾಳ ಉಪಕಾರಾತ್ರಿ. 12ರದ್ದು ಬಿಟ್ಟೆ. ಬ್ಯಾಗ್ ಕೈಗೆ ಬಂದಮ್ಯಾಲೆ ಆ್ಯಪ್ ತಗದು ನೋಡ್ತೀನಿ, 15ನೇ ತಾರೀಖ ಹಾಕಿ. ಅವ್ವ ಒಂದ ಕೇಳಾಕತ್ತಾಳ, ಸ್ಲೀಪರ್‌ನಾಗ ಕೆಳಗಿನ ಸೀಟ್ ಸಿಗ್ತೈತೇನು, ಮ್ಯಾಲ ಹತ್ತಾಕ ಮೊಳಕಾಲ ಒಪ್ಪಂಗಿಲ್ಲಂತ.

ವಿದ್ಯಾನಗರ ಹುಬ್ಬಳ್ಳಿ:
ಲೋವರ್ ಮೊದಲ ಖಾಲಿ ಆಗ್ತಾವೋ. ಸಿಗಲಿಲ್ಲಂದ್ರ ಕಂಡಕ್ಟರ್‌ಗೆ ಹೇಳು, ಯಾರರ ಹುಡುಗರು ಬದಲ ಮಾಡಿ ಕೊಡ್ತಾರ. ಖರ್ಜೂರ ಒಂದು ಪಾಕೀಟ ಮ್ಯಾಲೇ ಇಟ್ಕೋ, ಕೆಲಸಕ್ಕ ಬರ್ತೈತಿ.