ಸಹಾಯ ಬೇಕು: 140 ನಾಮಫಲಕಗಳಿಗೆ ದರ ನಿಗದಿಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾನು ಮತ್ತು ನನ್ನ ತಮ್ಮ ಇಬ್ಬರು ಕೆಲಸಗಾರರೊಂದಿಗೆ ಬೋರ್ಡ್ ತಯಾರಿಸುವ ಸಣ್ಣ ಅಂಗಡಿ ನಡೆಸುತ್ತಿದ್ದೇವೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಬಿಡಿ ಕೆಲಸಗಳು ಹೆಚ್ಚಿದವು. ಈಗ ಹಲವು ಜಿಲ್ಲೆಗಳಲ್ಲಿ ಮಳಿಗೆಗಳಿರುವ ಸಂಸ್ಥೆಯೊಂದು, ಎಸಿಪಿ (ಪ್ಲಾಸ್ಟಿಕ್ ತಿರುಳಿನ ಎರಡೂ ಬದಿಗೆ ಅಲ್ಯೂಮಿನಿಯಂ ಹೊದಿಸಿದ) ಶೀಟಿನ ಮೇಲೆ ಎಲ್‌ಇಡಿ ಬೆಳಕಿನ ಅಕ್ರಿಲಿಕ್ ಅಕ್ಷರಗಳಿರುವ 140 ಫಲಕಗಳಿಗೆ ಕೊಟೇಶನ್ ಕೇಳಿದೆ.

ಒಂದೆರಡು ಫಲಕಗಳಾದರೆ ಚದರ ಅಡಿಯ ಲೆಕ್ಕ ಸಾಕು. ಆದರೆ ಇಲ್ಲಿ ಫಲಕದ ಎತ್ತರ 3 ಅಡಿ ಇರುವುದರಿಂದ, 8 ಅಡಿಗೆ 4 ಅಡಿಯ ಪ್ರತಿ ಶೀಟಿನಲ್ಲೂ ಒಂದಡಿ ಅಗಲದ ಪಟ್ಟಿ, ಅಂದರೆ ಕಾಲು ಭಾಗ, ಉಳಿದುಬಿಡುತ್ತದೆ. ಅದರ ಬೆಲೆಯನ್ನು ಯಾರ ಲೆಕ್ಕಕ್ಕೆ ಹಾಕಬೇಕು? ಅಕ್ಷರಗಳಿಗೆ ಎತ್ತರದ ಇಂಚಿನ ಮೇಲೆ ದರ ಹಾಕುವ ನಾವು, ‘ಸ್ತ್ರ’ದಂತಹ ಅಕ್ಷರದ ಒತ್ತುಗಳನ್ನು ಪ್ರತ್ಯೇಕವಾಗಿ ಕತ್ತರಿಸಿ, ಇಕ್ಕಟ್ಟಿನಲ್ಲಿ ಎಲ್‌ಇಡಿ ಕೂರಿಸುವ ಶ್ರಮವನ್ನು ಇದುವರೆಗೆ ಎಣಿಸಿಯೇ ಇಲ್ಲ.

ಆ ಸಂಸ್ಥೆಯವರು ಶೇ. 25 ರಿಯಾಯಿತಿ ಮತ್ತು ಹಣ ಪಾವತಿಸಲು 60 ದಿನಗಳ ಕಾಲಾವಕಾಶ ಕೇಳುತ್ತಿದ್ದಾರೆ. ಸಾಮಗ್ರಿಯನ್ನು ನಾವು ನಗದು ಕೊಟ್ಟೇ ತರಬೇಕು. ಕೆಲಸ ಹೆಚ್ಚಾದಂತೆ ಕೂಲಿ ಇಳಿಯುವುದಿಲ್ಲವಾದ್ದರಿಂದ ಇಷ್ಟು ರಿಯಾಯಿತಿ ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಇಂತಹ ದೊಡ್ಡ ಆರ್ಡರ್ ನಿಭಾಯಿಸಿದವರು ಮುಂಗಡ ಎಷ್ಟು ಪಡೆದಿರಿ, ಸಾಗಾಟ ಮತ್ತು ಅಳವಡಿಕೆಯ ಖರ್ಚನ್ನು ಬೇರೆಯಾಗಿ ತೋರಿಸಿದಿರಾ ಎಂಬುದನ್ನು ದಯವಿಟ್ಟು ತಿಳಿಸಿ. ಸೋಮವಾರದೊಳಗೆ ಕೊಟೇಶನ್ ಕೊಡಬೇಕಿದೆ.